ಮೈಸೂರು–ಮಂಡ್ಯ ಕಡೆ ದ್ರಾಕ್ಷಿ ಚಪ್ಪರ ಹಾಕೋರಿಗೆ: ತಳಿ ಯಾವುದು, ರೋಗ ಯಾವುದು

ಸಸಿ ತರೋ ಮುಂಚೆ ಒಂದು ವಿಷಯ ಗಮನಿಸಿ. ನಮ್ಮಲ್ಲಿ ಮೇ ಮಳೆ ಒಂದು ಸಲ, ಸೆಪ್ಟೆಂಬರ್–ಅಕ್ಟೋಬರ್ ಮಳೆ ಇನ್ನೊಂದು ಸಲ, ಎರಡೂ ಎಳೆ ಚಿಗುರಿನ ಮೇಲೇ ಬೀಳಬಹುದು. ಹಾಗಾಗಿ ಥಾಮ್ಸನ್ ಸೀಡ್‌ಲೆಸ್ ತಳಿ ಇಲ್ಲಿ ತಲೆನೋವು: ಚಿಬ್ಬು, ಬೂಜು ತುಪ್ಪಟ, ಬೂದಿ ರೋಗ ಮೂರೂ ತಗಲುತ್ತವೆ (ಇವುಗಳ ಗುರುತು ಕೆಳಗಿದೆ). ಅನಾಬ್-ಎ-ಶಾಹಿಗೆ ಬೂಜು ತುಪ್ಪಟ ಬಲು ಬೇಗ ಬರುತ್ತೆ; ದಿಲ್‌ಖುಷ್ ಅದರಿಂದಲೇ ಆರಿಸಿದ ತಳಿ, ಹೆಚ್ಚು ನಂಬಬೇಡಿ. ‘ಬೆಂಗಳೂರು ನೀಲಿ’ ತಳಿ ಚಿಬ್ಬು ಮತ್ತು ತುಕ್ಕು ರೋಗ ತಡೆಯುತ್ತೆ. ಆದ್ರೆ ‘ಅದಕ್ಕೆ ಔಷಧಿನೇ ಬೇಡ’ ಅನ್ನೋದು ಸುಳ್ಳು, ಬೂಜು ತುಪ್ಪಟ ಅದನ್ನೂ ಬಿಡಲ್ಲ.

ಡಾಗ್‌ರಿಡ್ಜ್ ಅನ್ನೋ ಬೇರು ತಳಿಗೆ ಕಸಿ ಮಾಡಿದ್ರೆ ಎಲೆ ರೋಗ ಬರಲ್ಲ ಅಂತ ಮಾರೋರೂ ಇದ್ದಾರೆ. ಆ ಬೇರು ಉಪ್ಪು ನೀರು, ಬರ ತಾಳೋಕೆ. ಎಲೆ ಮಾತ್ರ ಅದರ ಮೇಲೆ ಕಸಿ ಕಟ್ಟಿದ ತಳಿಯದ್ದೇ, ಹಾಗಾಗಿ ಎಲೆ ರೋಗಾನೂ ಆ ತಳಿಗೆ ತಕ್ಕಂತೆ.

ಎಲೆ ಮೇಲೆ ಎಣ್ಣೆ ಹನಿಯಂಥ ಹಳದಿ ಮಚ್ಚೆ, ತಿರುಗಿಸಿದರೆ ಅದೇ ಜಾಗದಲ್ಲಿ ಬಿಳಿ ಹತ್ತಿಯಂಥ ಬೂಜು ಇದ್ದರೆ ಬೂಜು ತುಪ್ಪಟ. ಬೂದಿ ಎರಚಿದ ಹಾಗಿದ್ದು ಬೆರಳಿಗೆ ಅಂಟಿದರೆ ಬೂದಿ ರೋಗ, ಅದಕ್ಕೆ ಮಳೆ ಬೇಕಿಲ್ಲ. ಎಳೆ ಕಡ್ಡಿ, ಕಾಯಿ ಮೇಲೆ ಕಪ್ಪು ಅಂಚಿನ ತಗ್ಗು ಚುಕ್ಕೆ ಚಿಬ್ಬು.

ಬಳ್ಳಿ ಸವರಿದ (ಕತ್ತರಿಸಿದ) ಮೇಲೆ ಕಡ್ಡಿಗಳಿಗೆ ಶೇ. 1 ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಸೇರಿಸಿ ಮಾಡೋ ಔಷಧಿ) ಹೊಡೀರಿ. 1 ಕೆ.ಜಿ. ಮೈಲುತುತ್ತ 50 ಲೀಟರ್ ನೀರಲ್ಲಿ, 1 ಕೆ.ಜಿ. ಸುಣ್ಣ ಇನ್ನೊಂದು 50 ಲೀಟರಲ್ಲಿ, ಎರಡಕ್ಕೂ ಪ್ಲಾಸ್ಟಿಕ್ ಡ್ರಮ್ಮೇ. ತುತ್ತದ ನೀರನ್ನ ಸುಣ್ಣದ ನೀರಿಗೆ ಸುರಿದು ಕಲಕಿ. ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪು ಲೇಪ ಹತ್ತಿದ್ರೆ ಸುಣ್ಣದ ತಿಳಿ ಇನ್ನಷ್ಟು ಸೇರಿಸಿ, ಇಲ್ಲಾಂದ್ರೆ ಚಿಗುರು ಸುಡುತ್ತೆ. ಅವತ್ತೇ ಮುಗಿಸಿ. ಮುಂದೆ ಎಲೆ ಬಂದಾಗ ಯಾವ ಔಷಧಿ ಹೊಡೆದರೂ ಎಲೆಯ ಅಡಿಭಾಗ ನೆನೆಯಲಿ, ಬೂಜು ತುಪ್ಪಟ ಒಳಗೆ ನುಗ್ಗೋದು ಅಲ್ಲಿಂದಲೇ.