ಕಾದ ತಮಟೆ, ಆರಿದ ತಮಟೆ

ಮೈಸೂರಿನ ಸರಸ್ವತಿಪುರಂನಲ್ಲಿರುವ ನನ್ನ ಬಾಡಿಗೆ ಮನೆಯಲ್ಲಿ ಸ್ಯಾಂಪ್ಲರ್‌ಗೆ ಸಿಕ್ಕಿರುವ ಜಾಗ ಅಡುಗೆಮನೆಯ ಕಟ್ಟೆ. ಮುದ್ರಿಸಿದ ಸದ್ದನ್ನು ತುಂಡು ಮಾಡಿ, ಬೆರಳಿನಿಂದ ಒತ್ತುವ ಹದಿನಾರು ಪ್ಯಾಡ್‌ಗಳಲ್ಲಿ ಮತ್ತೆ ನುಡಿಸುವ ಹಳೆಯ ಯಂತ್ರ, ಸೆಕೆಂಡ್ ಹ್ಯಾಂಡ್. ಕಂಪ್ಯೂಟರಿನಲ್ಲಿ ಇದೆಲ್ಲ ಸುಲಭವಲ್ಲವೇ ಎಂದು ಕೇಳುತ್ತಾರೆ. ಸುಲಭವೇ. ಆದರೆ ಅಲ್ಲಿ ಸದ್ದಿನ ಚಿತ್ರ ಕಣ್ಣಿಗೆ ಬೀಳುತ್ತದೆ, ಕಿವಿ ಸೋಮಾರಿಯಾಗುತ್ತದೆ.

ಮೊದಲು ಕತ್ತರಿಸಿದ್ದು ಎಲ್ಲರೂ ಕತ್ತರಿಸುವುದನ್ನೇ. 1969ರಲ್ಲಿ ಬಂದ, ಅಮೆರಿಕದ ವಿನ್‌ಸ್ಟನ್ಸ್ ತಂಡದ ‘ಆಮೆನ್, ಬ್ರದರ್’ನ ನಡುವೆ ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ ಡ್ರಮ್ಸ್ ವಾದಕ ಗ್ರೆಗರಿ ಕೋಲ್ಮನ್ ಒಬ್ಬರೇ ನುಡಿಸುವ ನಾಲ್ಕು ಆವರ್ತ. ಏಳು ಸೆಕೆಂಡಿಗೆ ಮುಗಿದುಹೋಗುವ ತನಿ ಆವರ್ತನ ಎನ್ನಿ. ಅದರಲ್ಲಿ ಎರಡು ಆವರ್ತ ತೆಗೆದುಕೊಂಡು, ಒಂದಕ್ಕೆ ಎಂಟರಂತೆ ಸಮ ತುಂಡು ಮಾಡಿ ಪ್ಯಾಡ್‌ಗಳಿಗೆ ಹಂಚಿದೆ. ಒತ್ತಿದಲ್ಲೆಲ್ಲ ಟಿಕ್ ಟಿಕ್. ಕೋಲ್ಮನ್ ಅವರ ಪೆಟ್ಟು ಗಡಿಯಾರ ನೋಡಿಕೊಂಡು ಬೀಳುವುದಿಲ್ಲ. ಯಂತ್ರದ ಸಮಪಾಲು ಒಂದು ಪೆಟ್ಟಿನ ತಲೆಯನ್ನು ಕಡಿದು ಹಿಂದಿನ ತುಂಡಿನ ಬಾಲಕ್ಕೆ ಅಂಟಿಸಿತ್ತು. ಪ್ರತಿಯೊಂದರ ಆರಂಭವನ್ನೂ ಕಿವಿಗೊಟ್ಟು ಸರಿಸಲು ಎರಡು ಸಂಜೆ ಹಿಡಿಯಿತು. ಹದಿನಾರನ್ನೂ ಒಂದೇ ಮ್ಯೂಟ್ ಗುಂಪಿಗೆ ಸೇರಿಸಿದ ಮೇಲೆ, ಹೊಸ ಪ್ಯಾಡ್ ಒತ್ತಿದೊಡನೆ ಹಿಂದಿನದು ಬಾಯಿ ಮುಚ್ಚತೊಡಗಿತು. ಎಲ್ಲದರ ಶ್ರುತಿಯನ್ನೂ ಏಳು ಸೆಮಿಟೋನ್ ಇಳಿಸಿದೆ, ಮೇಲಿನ ಷಡ್ಜದಿಂದ ಶುದ್ಧ ಮಧ್ಯಮಕ್ಕೆ ಬಂದಷ್ಟು. ಅದರೊಂದಿಗೆ ವೇಗವೂ ಕುಗ್ಗಿ, ನಿಮಿಷಕ್ಕೆ ಸುಮಾರು 136 ಇದ್ದ ಬಡಿತ 90ಕ್ಕೆ ಇಳಿಯಿತು. ಸ್ನೇರ್, ಅಂದರೆ ಡ್ರಮ್ಸ್‌ನಲ್ಲಿ ಚುರುಕಾಗಿ ಸಿಡಿಯುವ ಡ್ರಮ್, ಒದ್ದೆ ಗೋಣಿಚೀಲಕ್ಕೆ ಹೊಡೆದಂತೆ ಕೇಳಿತು. ನನಗೆ ಬೇಕಿದ್ದದ್ದೂ ಅದೇ.

ಆಮೇಲೆ ಮಂಡ್ಯದ ಹತ್ತಿರ ತಾಯಿಯ ತವರೂರಿನ ಹಬ್ಬದಲ್ಲಿ ಹತ್ತು ನಿಮಿಷ ತಮಟೆಯನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಬಂದೆ. ಒಳ್ಳೆಯ ಪೆಟ್ಟುಗಳನ್ನು ಅಲ್ಲೊಂದು ಇಲ್ಲೊಂದು ಹೆಕ್ಕಿ ಜೋಡಿಸಿದರೆ ಎರಡು ಬೇರೆ ವಾದ್ಯಗಳು ಜಗಳಕ್ಕೆ ಬಿದ್ದಂತಿತ್ತು. ಒಂದು ವಾರ ಯಂತ್ರವನ್ನೇ ಬೈದೆ. ಕೊನೆಗೆ ಸೋದರಮಾವನಿಗೆ ಫೋನಿನಲ್ಲಿ ಕೇಳಿಸಿದಾಗ ಅವರು ನಕ್ಕರು: “ಮೊದಲನೆಯದು ಕಾದ ತಮಟೆ, ಇನ್ನೊಂದು ಆರಿದ್ದು. ಅಷ್ಟೂ ಗೊತ್ತಾಗಲಿಲ್ಲವೇನೋ?” ಬೆಂಕಿಗೆ ಹಿಡಿದ ಚರ್ಮ ಬಿಗಿದು ಕಣಕಣ ಎನ್ನುತ್ತದೆ, ಆರುತ್ತ ಬಂದಂತೆ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ಹುಟ್ಟಿದಾಗಿನಿಂದ ನೋಡಿದ್ದೆ, ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ.

ಆರಿದ ತುಂಡುಗಳ ಶ್ರುತಿ ಏರಿಸಿ ನೋಡಿದೆ. ನನ್ನ ಯಂತ್ರದಲ್ಲಿ ಶ್ರುತಿ ಏರಿದರೆ ವೇಗವೂ ಏರುತ್ತದೆ. ಪೆಟ್ಟು ಗಿಡ್ಡವಾಗಿ, ಡಬ್ಬ ಬಡಿದಂತಾಯಿತು. ಹಾಗಾಗಿ ಸರಿಪಡಿಸುವ ಗೋಜನ್ನೇ ಬಿಟ್ಟು, ಕಾದವನ್ನು ಮೇಲಿನ ಎಂಟು ಪ್ಯಾಡ್‌ಗಳಿಗೂ ಆರಿದವನ್ನು ಕೆಳಗಿನ ಎಂಟಕ್ಕೂ ಹಾಕಿದೆ. ಕೆಳಗಿನವು ಕಿಕ್‌ನ, ಅಂದರೆ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ಕೆಲಸ ಮಾಡಿದವು, ಮೇಲಿನವು ಸ್ನೇರ್‌ನದು. ಪೆಟ್ಟುಗಳನ್ನು ತಾಳಕ್ಕೆ ಕರಾರುವಾಕ್ಕಾಗಿ ಕೂರಿಸುವ ಕ್ವಾಂಟೈಜ್ ಹಾಕಿದರೆ ಪೊಲೀಸ್ ಕವಾಯತು, ತೆಗೆದುಹಾಕಿದೆ.

ಮುಂದಿನ ಹಬ್ಬದಲ್ಲಿ ತಮಟೆ ಕಾಯಿಸುವ ಜಾಗದಲ್ಲೇ ನಿಂತು ಮುದ್ರಿಸಿಕೊಳ್ಳುತ್ತೇನೆ ಎಂದು ಮಾವನಿಗೆ ಹೇಳಿದ್ದೇನೆ. ಹಾಗಾದರೆ ಬೆಂಕಿಗೆ ಹುಲ್ಲು ಹೊತ್ತು ತರುವವನೂ ನೀನೇ ಎಂದಿದ್ದಾರೆ.