ಬಟಾಟೆ ಹೊದಿಕೆಯ ತರಕಾರಿ ಕ್ಯಾಸರೋಲ್: ಬೆಣ್ಣೆ ಬೇಡ, ಕಾಯಿಹಾಲು ಸಾಕು

ಕ್ಯಾಸರೋಲ್ ಎಂದರೆ ಒಂದೇ ಪಾತ್ರೆಯಲ್ಲಿ ಜೋಡಿಸಿ ಓವನ್ನಿನಲ್ಲಿ ಬೇಯಿಸುವ ಅಡುಗೆ. ಕೆಳಗೆ ಮಸಾಲೆ ಹಿಡಿದ ಕಾಳು, ತರಕಾರಿ. ಅದರ ಮೇಲೆ ಬೆರಳು ದಪ್ಪಕ್ಕೆ ಹರಡಿದ ಮೆತ್ತನೆಯ ಬಟಾಟೆ. ಬಟಾಟೆಯ ಮೇಲ್ಮೈ ಮಾತ್ರ ಕೆಂಪಗೆ, ಗರಿಗರಿ. ಇಂಗ್ಲೆಂಡಿನಲ್ಲಿ ಕುರಿಮಾಂಸದ ಕೊಚ್ಚು ಹಾಕಿ ಮಾಡಿದರೆ ಇದು ಶೆಫರ್ಡ್ಸ್ ಪೈ, ದನದ ಮಾಂಸದ್ದಾದರೆ ಕಾಟೇಜ್ ಪೈ. ಮಾಂಸ ಬಿಟ್ಟು ಕಾಳು ಹಾಕಿ, ಹಾಲು ಬೆಣ್ಣೆ ಬಿಟ್ಟು ತೆಂಗು ಬಳಸಿದರೆ ಪೂರ್ಣ ವೀಗನ್ ಆಗುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಬಿಸಿಬಿಸಿ ತಿನ್ನಲು ಬಲು ಹಿತ. ಅನ್ನವೂ ಬೇಕಿಲ್ಲ, ರೊಟ್ಟಿಯೂ ಬೇಕಿಲ್ಲ.

ಮಾಡುವುದು ಕಷ್ಟವಲ್ಲ. ಕೆಟ್ಟರೆ ಹತ್ತರಲ್ಲಿ ಒಂಬತ್ತು ಸಲ ಕೆಡುವುದು ನೀರಿನಿಂದ. ಬಟಾಟೆ ಕುಡಿದ ನೀರು, ತರಕಾರಿ ಬಿಟ್ಟ ನೀರು, ತೆಳುವಾದ ಕಾಯಿಹಾಲು: ಈ ಮೂರನ್ನು ಹಿಡಿತದಲ್ಲಿ ಇಟ್ಟುಕೊಂಡರೆ ಉಳಿದದ್ದು ಸುಲಭ. ಕೆಳಗಿನ ಎಲ್ಲ ಹಂತಗಳಲ್ಲೂ ಗಮನ ಅದರ ಮೇಲೇ ಇರಲಿ.

ಬೇಕಾಗುವ ಸಾಮಾನು

ಇದು 6 ಜನರಿಗೆ ಸಾಕಾಗುವ ಅಳತೆ. ಕಪ್ ಎಂದರೆ 240 ಮಿಲಿ, ದೊಡ್ಡ ಚಮಚ ಎಂದರೆ 15 ಮಿಲಿ, ಸಣ್ಣ ಚಮಚ ಎಂದರೆ 5 ಮಿಲಿ. ಪಾತ್ರೆ 9 ಇಂಚು ಚೌಕದ್ದು, ಎರಡೂವರೆ ಇಂಚು ಆಳದ್ದು ಇರಲಿ. ಗಾಜಿನದ್ದು, ಪಿಂಗಾಣಿಯದ್ದು, ಸ್ಟೀಲಿನದ್ದು ಯಾವುದಾದರೂ ಆದೀತು. ಟೊಮೆಟೊ ಹುಳಿ ಇರುವುದರಿಂದ ಬರೀ ಅಲ್ಯೂಮಿನಿಯಂ ಬೇಡ.

ಹೊದಿಕೆಗೆ: ಬಟಾಟೆ 1 ಕಿಲೋ, ದಪ್ಪ ಕಾಯಿಹಾಲು 150 ಮಿಲಿ, ತೆಂಗಿನೆಣ್ಣೆ 3 ದೊಡ್ಡ ಚಮಚ, ಗೇರುಬೀಜ 12, ಕಾಳುಮೆಣಸಿನ ಪುಡಿ ಅರ್ಧ ಸಣ್ಣ ಚಮಚ, ಉಪ್ಪು.

ಒಳಗಿನ ಪಲ್ಯಕ್ಕೆ: ಒಣ ಅಲಸಂಡೆ ಬೀಜ ಮುಕ್ಕಾಲು ಕಪ್, ದೊಡ್ಡ ನೀರುಳ್ಳಿ 2, ಕ್ಯಾರೆಟ್ 2, ಎಳೆ ಅಲಸಂಡೆ ಅಥವಾ ಬೀನ್ಸ್ 150 ಗ್ರಾಂ, ಸಿಹಿಗುಂಬಳ 200 ಗ್ರಾಂ, ಅಂಗಡಿಯ ಅಣಬೆ 200 ಗ್ರಾಂ, ಟೊಮೆಟೊ 2, ಬೆಳ್ಳುಳ್ಳಿ 6 ಎಸಳು, ಒಂದಿಂಚು ಶುಂಠಿ, ಕರಿಬೇವು ಎರಡು ಕಡ್ಡಿ, ಅಕ್ಕಿಹಿಟ್ಟು 2 ದೊಡ್ಡ ಚಮಚ, ಎರಡನೆಯ ಕಾಯಿಹಾಲು ಒಂದೂವರೆ ಕಪ್, ತೆಂಗಿನೆಣ್ಣೆ 3 ದೊಡ್ಡ ಚಮಚ. ಕೊತ್ತಂಬರಿ ಪುಡಿ ಮತ್ತು ಬ್ಯಾಡಗಿ ಮೆಣಸಿನ ಪುಡಿ ಒಂದೊಂದು ಸಣ್ಣ ಚಮಚ, ಅರಸಿನ ಕಾಲು ಸಣ್ಣ ಚಮಚ, ಕಾಳುಮೆಣಸಿನ ಪುಡಿ ಅರ್ಧ ಸಣ್ಣ ಚಮಚ, ಅರ್ಧ ಲಿಂಬೆ. ಸೋಯಾ ಸಾಸ್ ಇದ್ದರೆ ಒಂದು ದೊಡ್ಡ ಚಮಚ. ಗರಂ ಮಸಾಲೆ ಹಾಕುವ ಆಸೆ ಬೇಡ, ಬಟಾಟೆಯ ಸೌಮ್ಯ ರುಚಿಯನ್ನು ಅದು ಪೂರ್ತಿ ಮುಚ್ಚಿಬಿಡುತ್ತದೆ.

ಸೌತೆ, ಸೋರೆ, ತೊಂಡೆ ಇದಕ್ಕೆ ಆಗುವುದಿಲ್ಲ, ಒಲೆಯ ಮೇಲೂ ಓವನ್ನಿನಲ್ಲೂ ನೀರು ಬಿಡುತ್ತಲೇ ಇರುತ್ತವೆ. ಬಸಳೆ, ಬೆಂಡೆ ಲೋಳೆಯಾಗುತ್ತವೆ. ಗುಜ್ಜೆಯ (ಎಳೆ ಹಲಸಿನಕಾಯಿ) ಕಾಲದಲ್ಲಿ ಅಣಬೆಯ ಬದಲು ಗುಜ್ಜೆ ಹಾಕಬಹುದು. ಕೈಗೂ ಕತ್ತಿಗೂ ಎಣ್ಣೆ ಸವರಿ ತುಂಡು ಮಾಡಿ, ಉಪ್ಪು ಹಾಕಿ ಬೇಯಿಸಿ, ನೀರು ಬಸಿದು, ಕೈಯಲ್ಲೇ ಸ್ವಲ್ಪ ಜಜ್ಜಿ ನಾರು ಬಿಡಿಸಿಕೊಂಡರೆ ಜಗಿಯಲು ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ ಗುಡ್ಡದಲ್ಲಿ ಏಳುವ ಅಣಬೆಯನ್ನು ಗುರುತು ಹಿಡಿಯಬಲ್ಲವರು ಮನೆಯಲ್ಲಿಲ್ಲದಿದ್ದರೆ ಮುಟ್ಟಲೇಬೇಡಿ.

ಕಾಯಿಹಾಲು

1916ರಲ್ಲೇ ತೆಂಗಿನ ಸಂಶೋಧನೆಗೆ ಕೇಂದ್ರ ತೆರೆದ ಊರು ಕಾಸರಗೋಡು. ಇಲ್ಲಿನವರಿಗೆ ಡಬ್ಬಿಯ ಕಾಯಿಹಾಲು ಬೇಕಿಲ್ಲ. ಚೆನ್ನಾಗಿ ಬಲಿತ ದೊಡ್ಡ ಕಾಯಿ ಒಂದನ್ನು ತುರಿದು, ಮುಕ್ಕಾಲು ಕಪ್ ಉಗುರುಬೆಚ್ಚಗಿನ ನೀರು ಹಾಕಿ ಮಿಕ್ಸಿಯಲ್ಲಿ ತಿರುಗಿಸಿ, ತೆಳು ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಿ. ಇದು ದಪ್ಪ ಹಾಲು, ಹೊದಿಕೆಗೆ ಮೀಸಲು. ಅದೇ ಚರಟಕ್ಕೆ ಮತ್ತೆ ಒಂದೂವರೆ ಕಪ್ ನೀರು ಹಾಕಿ ಹಿಂಡಿದ್ದು ಎರಡನೆಯ ಹಾಲು, ಪಲ್ಯಕ್ಕೆ. ಇವನ್ನು ಅದಲುಬದಲು ಮಾಡಬಾರದು. ದಪ್ಪ ಹಾಲನ್ನು ಹೊತ್ತು ಹಿಡಿದು ಕುದಿಸಿದರೆ ಒಡೆದು ಎಣ್ಣೆ ಬೇರೆ, ನೀರು ಬೇರೆ ಆಗುತ್ತದೆ. ಎರಡನೆಯದರಲ್ಲಿ ಕೊಬ್ಬು ಕಡಿಮೆ, ಅಕ್ಕಿಹಿಟ್ಟಿನ ಆಸರೆಯೂ ಇರುತ್ತದೆ. ಅದು ಕುದಿ ತಡೆಯುತ್ತದೆ.

ನೆನೆಸಿದ ಗೇರುಬೀಜವನ್ನು ಎರಡು ಚಮಚ ದಪ್ಪ ಹಾಲಿನೊಂದಿಗೆ ನುಣ್ಣಗೆ ಅರೆದಿಟ್ಟುಕೊಳ್ಳಿ. ಬೆಣ್ಣೆಯ ತುಂಬುರುಚಿ ಇಲ್ಲದ ಕೊರತೆಯನ್ನು ತುಂಬುವುದು ಇದೇ.

ಬಟಾಟೆ

ಎಲ್ಲ ಬಟಾಟೆಯೂ ಇದಕ್ಕೆ ಒಗ್ಗುವುದಿಲ್ಲ. ಉಗುರು ತಾಗಿದರೆ ಸಿಪ್ಪೆ ಏಳುವ ಹೊಸ ಬಟಾಟೆಯಲ್ಲಿ ನೀರು ಹೆಚ್ಚು, ಹಿಟ್ಟಿನಂಶ ಕಡಿಮೆ. ಅದು ಸಾಂಬಾರಿಗೆ ಚೆನ್ನ, ಇಲ್ಲಿ ಅಂಟಂಟಾಗುತ್ತದೆ. ಸಿಪ್ಪೆ ಬಲಿತು ಒರಟಾದ, ಒತ್ತಿದರೆ ಗಟ್ಟಿಯಾಗಿರುವ ಹಳೆಯ ಬಟಾಟೆ ಆರಿಸಿ. ಮನೆಗೆ ತಂದದ್ದನ್ನು ಫ್ರಿಜ್ಜಿನಲ್ಲಿ ಇಡಬೇಡಿ. ತಂಪಿನಲ್ಲಿ ಪಿಷ್ಟ ಸಕ್ಕರೆಯಾಗಿ ಬದಲಾಗುತ್ತದೆ. ಹೊದಿಕೆ ಸಿಹಿಯಾಗುತ್ತದೆ, ಓವನ್ನಿನಲ್ಲಿ ಬೇಗ ಕಪ್ಪಾಗುತ್ತದೆ.

ಬೇಯಿಸಲು ಅಟ್ಟಿನಳಗೆಗಿಂತ (ಹಬೆಯಲ್ಲಿ ಬೇಯಿಸುವ ಪಾತ್ರೆ) ಒಳ್ಳೆಯದು ಇಲ್ಲ. ಸಿಪ್ಪೆ ತೆಗೆದು, ಒಂದೂವರೆ ಇಂಚಿನ ತುಂಡು ಮಾಡಿ, ಒಂದು ಸಣ್ಣ ಚಮಚ ಉಪ್ಪು ಸವರಿ ಹಬೆಯಲ್ಲಿ 25 ನಿಮಿಷ ಬೇಯಿಸಿ. ಕತ್ತಿಯ ತುದಿ ತಡೆಯಿಲ್ಲದೆ ಒಳಗಿಳಿಯಬೇಕು. ಹಬೆಯಲ್ಲಿ ಬೆಂದ ಬಟಾಟೆ ನೀರು ಕುಡಿಯುವುದಿಲ್ಲ. ನೀರಲ್ಲೇ ಬೇಯಿಸುವುದಾದರೆ ತಣ್ಣೀರಿಗೆ ಹಾಕಿಯೇ ಒಲೆ ಹಚ್ಚಿ. ಕುದಿನೀರಿಗೆ ಹಾಕಿದರೆ ಹೊರಭಾಗ ಕರಗಿದರೂ ನಡುವೆ ಗಟ್ಟಿ ಉಳಿದುಬಿಡುತ್ತದೆ. ಕುಕ್ಕರೇ ಬೇಕೆಂದರೆ ಸಿಪ್ಪೆ ಸಮೇತ, ಇಡಿಯಾಗಿ. ಸಿಪ್ಪೆ ಒಡೆಯುವಷ್ಟು ಬೆಂದರೆ ಒಳಗೆ ನೀರು ಹೊಕ್ಕಿತೆಂದೇ ಅರ್ಥ.

ಬೆಂದ ತುಂಡುಗಳನ್ನು ಅಗಲ ಬಾಣಲೆಗೆ ಸುರಿದು ಸಣ್ಣ ಉರಿಯಲ್ಲಿ ಎರಡು ನಿಮಿಷ ಮೆಲ್ಲಗೆ ಅಲ್ಲಾಡಿಸಿ. ಹೊರಗೆ ಬಿಳಿಯ ಪುಡಿ ಕೂತಂತೆ ಕಂಡಾಗ ನೀರು ಆರಿದೆ. ಅನೇಕರು ಬಿಟ್ಟುಬಿಡುವ ಹಂತ ಇದು, ಹೊದಿಕೆ ಹಗುರಾಗುವುದೋ ಮುದ್ದೆಯಾಗುವುದೋ ಇಲ್ಲೇ ನಿರ್ಧಾರವಾಗುತ್ತದೆ.

ಈಗ ಪುಡಿ ಮಾಡುವುದು. ಮಿಕ್ಸಿ ಬೇಡವೇ ಬೇಡ. ಬೆಂದ ಬಟಾಟೆಯ ಪಿಷ್ಟ ಸಣ್ಣಸಣ್ಣ ಕೋಶಗಳ ಒಳಗೆ ಇರುತ್ತದೆ, ಮಿಕ್ಸಿಯ ಅಲಗು ಆ ಕೋಶಗಳನ್ನು ಸೀಳಿ ಪಿಷ್ಟವನ್ನು ಹೊರಗೆ ಚೆಲ್ಲಿದರೆ ಗೋಂದಿನಂತಾಗುತ್ತದೆ, ಮತ್ತೆ ಸರಿಪಡಿಸಲು ಬರುವುದಿಲ್ಲ. ವಿದೇಶದ ಅಡುಗೆಮನೆಗಳಲ್ಲಿ ಬಟಾಟೆ ಒತ್ತಲೆಂದೇ ಒಂದು ಉಪಕರಣ ಇರುತ್ತದೆ. ನಮ್ಮಲ್ಲಿ ಅದೇ ಕೆಲಸವನ್ನು ಶ್ಯಾವಿಗೆ ಒರಳು ಅಷ್ಟೇ ಚೆನ್ನಾಗಿ ಮಾಡುತ್ತದೆ. ಬಿಸಿಯಿರುವಾಗಲೇ ಒತ್ತಿ, ಒಂದೇ ಒಂದು ಗಂಟೂ ಉಳಿಯುವುದಿಲ್ಲ, ಕೋಶಗಳೂ ಹೆಚ್ಚು ಒಡೆಯುವುದಿಲ್ಲ. ಒರಳು ಇಲ್ಲದಿದ್ದರೆ ಗಟ್ಟಿ ಜರಡಿಯ ಮೇಲೆ ಸೌಟಿನ ಬೆನ್ನಿನಿಂದ ಒತ್ತಿ ಇಳಿಸಿ.

ಒತ್ತಿದ ಬಟಾಟೆಗೆ ಮೊದಲು ಎರಡು ದೊಡ್ಡ ಚಮಚ ತೆಂಗಿನೆಣ್ಣೆ ಸೇರಿಸಿ ಮಗುಚಿ. ಹಾಲಿಗಿಂತ ಮೊದಲೇ ಎಣ್ಣೆ ಹೋದರೆ ಪಿಷ್ಟದ ಸುತ್ತ ಕೊಬ್ಬಿನ ಪದರ ಕೂತು ಅಂಟು ಕಡಿಮೆಯಾಗುತ್ತದೆ. ಆಮೇಲೆ ಗೇರುಬೀಜದ ಅರಪ್ಪು, ಕಾಳುಮೆಣಸು, ರುಚಿ ನೋಡಿ ಉಪ್ಪು. ಕೊನೆಗೆ ದಪ್ಪ ಹಾಲು, ಹಬೆ ಏಳುವಷ್ಟು ಬಿಸಿ ಮಾಡಿ ಸ್ವಲ್ಪ ಸ್ವಲ್ಪವಾಗಿ. ತಣ್ಣನೆಯ ಹಾಲು ಸುರಿದರೆ ಬಟಾಟೆ ಬಿರುಸಾಗಿ ಗಂಟು ಕಟ್ಟುತ್ತದೆ. ಹಾಲು ಪೂರ್ತಿ ಹಾಕಲೇಬೇಕೆಂದಿಲ್ಲ. ಸಟ್ಟುಗದಲ್ಲಿ ಎತ್ತಿ ಬೋರಲು ಹಿಡಿದರೆ ಜಾರದೆ ನಿಲ್ಲುವ ಹದ ಬಂದಲ್ಲಿಗೆ ನಿಲ್ಲಿಸಿ. ಕೈ ಜಾರಿ ನೀರಾದರೆ ತೆಳು ಅವಲಕ್ಕಿಯನ್ನು ಒಣದಾಗಿ ಪುಡಿ ಮಾಡಿ ಒಂದೆರಡು ಚಮಚ ಸೇರಿಸಿ ಹತ್ತು ನಿಮಿಷ ಬಿಡಿ.

ಜೀಗುಜ್ಜೆ (ಬ್ರೆಡ್‌ಫ್ರೂಟ್) ಸಿಗುವ ಕಾಲದಲ್ಲಿ ಬಟಾಟೆಯ ಅರ್ಧ ಪಾಲಿಗೆ ಬೆಳೆದ ಜೀಗುಜ್ಜೆ ಹಾಕಿ ನೋಡಿ. ಅದೂ ಹಬೆಯಲ್ಲಿ ಚೆನ್ನಾಗಿ ಬೇಯುತ್ತದೆ, ಒರಳಲ್ಲಿ ಒತ್ತಲು ಬರುತ್ತದೆ. ಹಾಲು ಸ್ವಲ್ಪ ಹೆಚ್ಚು ಬೇಕು.

ಒಳಗಿನ ಪಲ್ಯ

6ರಿಂದ 8 ತಾಸು ನೆನೆದ ಅಲಸಂಡೆ ಬೀಜವನ್ನು ಉಪ್ಪು ಹಾಕಿ ಕುಕ್ಕರಿನಲ್ಲಿ 2 ವಿಸಿಲ್ ಬೇಯಿಸಿ. ಹಿಸುಕಿದರೆ ಮೆತ್ತಗಾಗಬೇಕು, ಆದರೆ ಕಾಳು ಇಡಿಯಾಗಿ ಉಳಿದಿರಬೇಕು. ಟೊಮೆಟೊ ಜೊತೆಗೆ ಬೇಯಿಸಬೇಡಿ, ಹುಳಿ ಇದ್ದರೆ ಕಾಳು ಬೇಯಲು ಹಟ ಹಿಡಿಯುತ್ತದೆ. ಬಸಿದ ನೀರನ್ನು ಚೆಲ್ಲದೆ ಇಟ್ಟುಕೊಳ್ಳಿ.

ಅಣಬೆಯನ್ನು ಎಣ್ಣೆಯಿಲ್ಲದ ಬಿಸಿ ಬಾಣಲೆಗೆ ಹಾಕಿ ದೊಡ್ಡ ಉರಿಯಲ್ಲಿ ನೀರು ಬಿಟ್ಟು ಆರುವ ತನಕ ಹುರಿದು ತೆಗೆದಿಡಿ. ಸಿಹಿಗುಂಬಳವನ್ನು ಮುಕ್ಕಾಲು ಇಂಚಿನ ಹೋಳು ಮಾಡಿ ಒಂದು ಚಮಚ ಎಣ್ಣೆಯಲ್ಲಿ ಅಂಚು ಕೆಂಪಾಗುವಂತೆ ಹುರಿಯಿರಿ. ಎಲ್ಲವನ್ನೂ ಒಟ್ಟಿಗೆ ಹಾಕಿ ಬೇಯಿಸಿದರೆ ಕುಂಬಳ ಕರಗಿ ಹೋಗುತ್ತದೆ, ಅಣಬೆಯ ನೀರು ಗ್ರೇವಿಗೆ ಸೇರುತ್ತದೆ.

ಉಳಿದ ಎಣ್ಣೆಯಲ್ಲಿ ನೀರುಳ್ಳಿಯನ್ನು ಮಧ್ಯಮ ಉರಿಯಲ್ಲಿ 12ರಿಂದ 15 ನಿಮಿಷ ಹುರಿದು ಕಂದು ಮಾಡಿ. ಮಾಂಸವಿಲ್ಲದ ಈ ಅಡುಗೆಗೆ ಗಾಢ ರುಚಿ ಬರುವುದು ನೀರುಳ್ಳಿ ಮತ್ತು ಅಣಬೆಯಿಂದ. ಇಲ್ಲಿ ಐದು ನಿಮಿಷ ಉಳಿಸಿದರೆ ಊಟಕ್ಕೆ ಕೂತಾಗ ಸಪ್ಪೆ ಎನ್ನಿಸುತ್ತದೆ. ಬಳಿಕ ಜಜ್ಜಿದ ಶುಂಠಿ ಬೆಳ್ಳುಳ್ಳಿ ಒಂದು ನಿಮಿಷ, ಹೆಚ್ಚಿದ ಟೊಮೆಟೊ ಎಣ್ಣೆ ಬಿಡುವ ತನಕ, ನಂತರ ಪುಡಿಗಳು. ಕ್ಯಾರೆಟ್, ಎಳೆ ಅಲಸಂಡೆ ಹಾಕಿ, ಕಾಳು ಬೆಂದ ನೀರು ಕಾಲು ಕಪ್ ಚಿಮುಕಿಸಿ, ಮುಚ್ಚಿ 5 ನಿಮಿಷ. ಸ್ವಲ್ಪ ಗಟ್ಟಿಯಿದ್ದರೂ ಸರಿ, ಓವನ್ನಿನಲ್ಲಿ ಬೇಯಲಿಕ್ಕಿದೆ.

ಅಕ್ಕಿಹಿಟ್ಟು ಉದುರಿಸಿ ಎರಡು ನಿಮಿಷ ಹುರಿದು, ಎರಡನೆಯ ಕಾಯಿಹಾಲನ್ನು ನಾಲ್ಕು ಸಲಕ್ಕೆ ಹಾಕುತ್ತಾ ಗಂಟಾಗದಂತೆ ಮಗುಚಿ. ಕಾಳು ಸೇರಿಸಿ 6ರಿಂದ 8 ನಿಮಿಷ ಕುದಿಸಿ. ಸಟ್ಟುಗದಿಂದ ಬಾಣಲೆಯ ತಳದಲ್ಲಿ ಗೆರೆ ಎಳೆದರೆ ಅದು ಒಂದು ಕ್ಷಣ ಹಾಗೆಯೇ ನಿಂತು ಆಮೇಲೆ ಮುಚ್ಚಬೇಕು. ತಕ್ಷಣ ಮುಚ್ಚಿದರೆ ಇನ್ನೂ ತೆಳು. ಅಣಬೆ, ಕುಂಬಳ, ಸೋಯಾ ಸಾಸ್, ಕಾಳುಮೆಣಸು, ಸಣ್ಣಗೆ ಹೆಚ್ಚಿದ ಕರಿಬೇವು, ಉಪ್ಪು ಸೇರಿಸಿ ಒಲೆ ಆರಿಸಿ ಲಿಂಬೆ ಹಿಂಡಿ.

ಜೋಡಿಸಿ ಬೇಯಿಸುವುದು

ಪಲ್ಯವನ್ನು ಪಾತ್ರೆಗೆ ಹರಡಿ 15 ನಿಮಿಷ ತಣಿಯಲು ಬಿಡಿ. ಕುದಿಯುವ ಪಲ್ಯದ ಮೇಲೆ ಬಟಾಟೆ ಇಟ್ಟರೆ ಅದು ಮುಳುಗುತ್ತದೆ. ಹೊದಿಕೆಯನ್ನು ಮೊದಲು ಅಂಚಿನ ಸುತ್ತ ಇಟ್ಟು ಪಾತ್ರೆಯ ಬದಿಗೆ ಒತ್ತಿ, ಆಮೇಲೆ ನಡುವಿಗೆ ಬನ್ನಿ. ನಡುವಿನಿಂದ ಶುರು ಮಾಡಿದರೆ ಪಲ್ಯ ಅಂಚಿಗೆ ತಳ್ಳಿಕೊಂಡು ಬಂದು ಉಕ್ಕಿ ಸುರಿಯುತ್ತದೆ. ಮೇಲ್ಮೈಯನ್ನು ನಯ ಮಾಡಬೇಡಿ. ಮುಳ್ಳುಚಮಚದಿಂದ ಗೀರಿ ಏರುತಗ್ಗು ಮಾಡಿ, ಉಳಿದ ಒಂದು ಚಮಚ ತೆಂಗಿನೆಣ್ಣೆ ಸವರಿ. ಹಾಲು ಬೆಣ್ಣೆಯ ಹೊದಿಕೆಯಲ್ಲಿ ಹಾಲಿನ ಸಕ್ಕರೆ ಮತ್ತು ಪ್ರೋಟೀನ್ ಬೇಗ ಕಂದಾಗುತ್ತವೆ. ಕಾಯಿಹಾಲಿನಲ್ಲಿ ಆ ಅನುಕೂಲ ಅಷ್ಟಿಲ್ಲ, ಹಾಗಾಗಿ ಈ ಏರುತಗ್ಗು ಮತ್ತು ಎಣ್ಣೆಯೇ ಬಣ್ಣ ತರಬೇಕು.

ಓವನ್ 200 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾದಿರಲಿ. ಮೇಲಿನ ಅಂತಸ್ತಿನಲ್ಲಿ 25ರಿಂದ 30 ನಿಮಿಷ. ಅಂಚಿನಲ್ಲಿ ಗ್ರೇವಿ ಗುಳುಗುಳು ಎನ್ನುವಾಗ ಒಳಗೂ ಬಿಸಿಯಾಗಿದೆ. ಬಣ್ಣ ಸಾಲದಿದ್ದರೆ ಕೊನೆಯ 5 ನಿಮಿಷ ಗ್ರಿಲ್‌ಗೆ ತಿರುಗಿಸಿ, ಅಲ್ಲಿಂದ ಕದಲಬೇಡಿ. ಹೊರತೆಗೆದು 10 ನಿಮಿಷ ಬಿಟ್ಟ ಮೇಲೆಯೇ ಬಡಿಸಿ, ಅಷ್ಟರಲ್ಲಿ ಗ್ರೇವಿ ಕೂತು ತುಂಡು ಅಚ್ಚುಕಟ್ಟಾಗಿ ಏಳುತ್ತದೆ.

ಓವನ್ ಇಲ್ಲದ ಮನೆಯಲ್ಲಿ ಕೆಂಡದ ನಡುವೆ ಬೇಯಿಸುವ ತಿಂಡಿ ಗೆಂಡದಡ್ಯೆ ಮಾಡುವ ಕ್ರಮವೇ ದಾರಿ: ಮೇಲೂ ಕೆಳಗೂ ಕೆಂಡ. ದಪ್ಪ ತಳದ ಪಾತ್ರೆಯಲ್ಲಿ ಜೋಡಿಸಿ, ಹೊದಿಕೆಗೂ ಮುಚ್ಚಳಕ್ಕೂ ಒಂದಿಂಚು ಅಂತರ ಬಿಟ್ಟು, ಚಪ್ಪಟೆ ಲೋಹದ ಮುಚ್ಚಳ ಹಾಕಿ. ಕೆಳಗೆ ತೀರಾ ಸಣ್ಣ ಶಾಖ, ಮುಚ್ಚಳದ ಮೇಲೆ ಗೆರಟೆಯ (ತೆಂಗಿನ ಚಿಪ್ಪಿನ) ಕೆಂಡ ತುಂಬ. 20 ನಿಮಿಷಕ್ಕೆ ಬಣ್ಣ ಬಾರದಿದ್ದರೆ ಕೆಂಡ ಹೊಸತು ಮಾಡಿ. ಇದನ್ನು ಗಾಳಿ ಆಡುವ ಒಲೆಕೋಣೆಯಲ್ಲೋ ಹೊರಗೋ ಮಾಡಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಾನಿಲ ಪ್ರಾಣಕ್ಕೆ ಅಪಾಯ. ಬರೀ ಗ್ಯಾಸ್ ಒಲೆ ಇರುವವರು ಬಟಾಟೆಯನ್ನು ಅರ್ಧ ಇಂಚು ದಪ್ಪದ ಬಿಲ್ಲೆ ತಟ್ಟಿ, ಎಣ್ಣೆ ಸವರಿದ ಕಬ್ಬಿಣದ ಕಾವಲಿಯಲ್ಲಿ ಒಂದೇ ಬದಿ ಚೆನ್ನಾಗಿ ಕೆಂಪು ಮಾಡಿ, ಬಿಸಿ ಪಲ್ಯದ ಮೇಲೆ ಕೆಂಪು ಬದಿ ಮೇಲೆ ಬರುವಂತೆ ಒತ್ತೊತ್ತಾಗಿ ಜೋಡಿಸಲಿ. ನೋಟ ಬೇರೆ, ರುಚಿಯಲ್ಲಿ ಕೊರತೆಯಿಲ್ಲ.

ಮೇಲೆ ಬ್ರೆಡ್ ಪುಡಿ ಉದುರಿಸುವುದಾದರೆ, ಬೆಣ್ಣೆಯ ಬದಲು ಮಾರ್ಗರಿನ್ ತಂದರೆ, ಪೊಟ್ಟಣದ ಹಿಂದಿನ ಪಟ್ಟಿ ಓದಿ. ಹಾಲಿನ ಪುಡಿ ಸೇರಿರುವುದುಂಟು. ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ವೀಗನ್ ಆಗುವುದಿಲ್ಲ, ಹಾಲಿನ ಪದಾರ್ಥಗಳಿಗೂ ಅದೇ ಚುಕ್ಕೆ. ವೀಗನ್ ಆಹಾರಕ್ಕೆ 2022ರ ನಿಯಮದಂತೆ ಬೇರೆಯೇ ಗುರುತಿದೆ.

ಜೊತೆಗೆ ಮುಳ್ಳುಸೌತೆಯ ಹೋಳುಗಳಿಗೆ ಲಿಂಬೆ, ಉಪ್ಪು, ಹಸಿಮೆಣಸು ಸಾಕು. ಮಿಡಿ ಉಪ್ಪಿನಕಾಯಿಯೂ ಹೊಂದುತ್ತದೆ. ಮಳೆಗಾಲದ ಸೆಕೆಗೆ ಕಾಯಿಹಾಲಿನ ಅಡುಗೆ ಬೇಗ ಹಳಸುವುದರಿಂದ ಎರಡು ತಾಸಿಗಿಂತ ಹೆಚ್ಚು ಹೊರಗೆ ಇಡಬೇಡಿ. ಫ್ರಿಜ್ಜಿನಲ್ಲಿ ಎರಡು ದಿನ ಉಳಿಯುತ್ತದೆ. ತಂಪಿಗೆ ತೆಂಗಿನೆಣ್ಣೆ ಹೆಪ್ಪುಗಟ್ಟಿ ಹೊದಿಕೆ ಗಟ್ಟಿಯಾಗಿ ಕಾಣುವುದು ಸಹಜ. 180 ಡಿಗ್ರಿಯಲ್ಲಿ ಮುಚ್ಚಿ 20 ನಿಮಿಷ, ಆಮೇಲೆ ಮುಚ್ಚಳ ತೆಗೆದು 5 ನಿಮಿಷ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ.