ಮೆಡಿಕಲ್ ಶಾಪಿನಲ್ಲಿ 500 ತಾಸು: ಡಿ.ಫಾರ್ಮ ತರಬೇತಿ ವ್ಯರ್ಥವಾಗದಿರಲು

ಡಿ.ಫಾರ್ಮ, ಅಂದರೆ ಫಾರ್ಮಸಿ ಡಿಪ್ಲೊಮಾ, ಓದಿದವರಿಗೆ 500 ತಾಸಿನ ಪ್ರಾಯೋಗಿಕ ತರಬೇತಿ ಕಡ್ಡಾಯ. ಮೂರು ತಿಂಗಳಿಗಿಂತ ಬೇಗ ಮುಗಿಸುವಂತಿಲ್ಲ. ದಿನಕ್ಕೆ ಆರೂವರೆ ತಾಸು ನಿಂತರೆ, ರಜೆ ಬಿಟ್ಟು 77 ದಿನ. ಇದರಲ್ಲಿ ಕನಿಷ್ಠ 250 ತಾಸು ವೈದ್ಯರ ಚೀಟಿ ನೋಡಿ ಔಷಧ ಕೊಡಲೆಂದೇ ಇದ್ದರೂ, ಬಾಕ್ಸ್ ಇಳಿಸುವುದರಲ್ಲಿ, ಬಿಲ್ ಹೊಡೆಯುವುದರಲ್ಲಿ ಅವು ಕರಗಿಹೋಗುತ್ತವೆ. ಅಮೆರಿಕದಲ್ಲಿ ಫಾರ್ಮ್‌ಡಿ ಎಂಬ ಫಾರ್ಮಸಿ ಪದವಿ ಮುಗಿಸಿದವರು ಬೇಕೆಂದರೆ ಔಷಧದಂಗಡಿಯಲ್ಲೇ ಒಂದು ವರ್ಷ ರೆಸಿಡೆನ್ಸಿ, ಅಂದರೆ ಪದವಿಯ ನಂತರದ ತರಬೇತಿ, ಮಾಡಬಹುದು. ನಮ್ಮ ಹುಡುಗರಿಗೆ ಇರುವುದು ಈ ತಾಸುಗಳಷ್ಟೇ.

ಅಂಗಡಿ ಆರಿಸುವಾಗ ದೊಡ್ಡ ಬೋರ್ಡು ನೋಡಬೇಡಿ. ಕಾಲೇಜು ಒಪ್ಪಿದ ಅಂಗಡಿಯೋ, ನೋಂದಾಯಿತ ಫಾರ್ಮಾಸಿಸ್ಟ್ ಕೌಂಟರಿನಲ್ಲಿ ನಿಲ್ಲುತ್ತಾರೋ ನೋಡಿ. ಸರ್ಟಿಫಿಕೇಟ್ ಗೋಡೆಯ ಮೇಲೆ, ಮನುಷ್ಯ ಬೇರೆ ಊರಲ್ಲಿ ಎನ್ನುವ ಅಂಗಡಿ ಬೇಡವೇ ಬೇಡ.

ಮೊದಲ ಎರಡು ವಾರ ರ‍್ಯಾಕ್ ಕಲಿಯಿರಿ: ಎಕ್ಸ್‌ಪೈರಿ ಹತ್ತಿರ ಬಂದದ್ದು ಮುಂದೆ, ಹೊಸ ಬ್ಯಾಚ್ ಹಿಂದೆ. ಫ್ರಿಜ್ಜಿನ ತಾಪಮಾನ ಬೆಳಿಗ್ಗೆ, ಸಂಜೆ ಬರೆದಿಡಿ. 2ರಿಂದ 8 ಡಿಗ್ರಿಯೊಳಗೇ ಇರಬೇಕು. ಇನ್ಸುಲಿನ್ ಫ್ರೀಜರಿಗೆ ತಾಗಬಾರದು. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೂ ಕೆಲಸಕ್ಕೆ ಬಾರದು.

ಮೂರನೇ ವಾರದಿಂದ ಚೀಟಿ. ಹೆಸರು, ವಯಸ್ಸು, ತಾರೀಖು, ಔಷಧ, ಮಿಲಿಗ್ರಾಂ, ದಿನಕ್ಕೆಷ್ಟು ಸಲ, ಎಷ್ಟು ದಿನ: ಪ್ರತಿ ಸಲ ಇದೇ ಕ್ರಮದಲ್ಲಿ ಓದಿ. ಸಂಧಿವಾತಕ್ಕೆ ವಾರಕ್ಕೊಮ್ಮೆ ನುಂಗಬೇಕಾದ ಮೆಥೋಟ್ರೆಕ್ಸೇಟ್ ಗುಳಿಗೆಯನ್ನು ದಿನಾ ನುಂಗಿದರೆ ಜೀವಕ್ಕೇ ಅಪಾಯ. ವಾರದ ಯಾವ ದಿನ ಎಂಬುದನ್ನು ಪೊಟ್ಟಣದ ಮೇಲೆ ಬರೆದು ಕೊಡಿ. ಅಕ್ಷರ ತಿಳಿಯದಿದ್ದರೆ ವೈದ್ಯರಿಗೆ ಫೋನ್ ಮಾಡಿ, ಅಂದಾಜು ಬೇಡ. ಸೆಫಿಕ್ಸಿಮ್‌ನಂಥ ಎಚ್1 ಔಷಧ (ಕಾನೂನು ಬೇರೆಯೇ ಲೆಕ್ಕ ಕೇಳುವ ಪಟ್ಟಿಯದು) ಕೊಟ್ಟರೆ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಆಗಲೇ ರಿಜಿಸ್ಟರಿಗೆ ಏರಬೇಕು. ಆ ರಿಜಿಸ್ಟರ್ ಮೂರು ವರ್ಷ ಕಾಯ್ದಿಡಬೇಕು.

ಹೆಚ್ಚು ಎಡವುವುದು ಸಿರಿಂಜಿನಲ್ಲಿ. ಕೆಂಪು ಮುಚ್ಚಳದ್ದು ಎಂಎಲ್ಲಿಗೆ 40 ಯೂನಿಟ್ಟಿನ ಇನ್ಸುಲಿನ್ನಿಗೆ, ಕೇಸರಿ ಮುಚ್ಚಳದ್ದು 100 ಯೂನಿಟ್ಟಿನದಕ್ಕೆ. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಅರ್ಧ ಎಂಎಲ್ ಬರುತ್ತದೆ, ಅಂದರೆ 50 ಯೂನಿಟ್. ಸಕ್ಕರೆ ಇಳಿದು ರೋಗಿ ಎಚ್ಚರ ತಪ್ಪಬಹುದು. ಆದ್ದರಿಂದ ಬಾಟಲಿ ಕೊಡುವ ಮೊದಲು, "ಕಾಕಾ, ಮನ್ಯಾಗಿನ ಸಿರಿಂಜಿನ ಮುಚ್ಚಳ ಯಾವ ಬಣ್ಣದ್ದೈತ್ರಿ?" ಎಂದು ಕೇಳಿ. ಏಪ್ರಿಲ್ ಬಿಸಿಲಲ್ಲಿ ವಿಜಯಪುರದಿಂದ ಸಿಂದಗಿ ಬಸ್ ಹತ್ತುವವರಿಗೆ ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ, ಬಾಟಲಿಗೆ ನೇರ ತಾಗದಂತೆ ಕಟ್ಟಿಕೊಡಿ.

ಅದೇ ಬೇಸಿಗೆಯಲ್ಲಿ ಒಆರ್‌ಎಸ್ ಹೆಚ್ಚು ಹೋಗುತ್ತದೆ. ಲೀಟರ್ ನೀರಿಗೆ ಕಲಸಬೇಕಾದ ಪೊಟ್ಟಣವನ್ನು ಒಂದೇ ಗ್ಲಾಸಿಗೆ ಸುರಿದರೆ ಉಪ್ಪು ಅತಿಯಾಗಿ ಮಗುವಿಗೆ ಇನ್ನಷ್ಟು ತೊಂದರೆ. ಗ್ಲಾಸಿನ ಲೆಕ್ಕ ಬೇಕೆಂದವರಿಗೆ 200 ಎಂಎಲ್‌ನ ಸಣ್ಣ ಪೊಟ್ಟಣವೇ ಸರಿ.

ಲಾಗ್‌ಬುಕ್ಕಿನಲ್ಲಿ ಬರೀ ತಾಸು ತುಂಬಿಸಬೇಡಿ. ಅಂದು ನೋಡಿದ ಚೀಟಿ ಎಷ್ಟು, ಕೇಳಿದ ಪ್ರಶ್ನೆ ಯಾವುದು ಎಂದೂ ಬರೆದು ಅಂದೇ ಸಹಿ ಹಾಕಿಸಿ. ಮೂರು ತಿಂಗಳ ಸಹಿ ಒಂದೇ ಸಂಜೆ, ಒಂದೇ ಪೆನ್ನಿನಲ್ಲಿ ಬಿದ್ದದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ.